ದೊಡವಾಡದ ಎಮ್ಮೆ ಮತ್ತು ನಿಂತುಹೋದ ಚುಕ್ಕಿ

ಬೈಲಹೊಂಗಲದ ನಮ್ಮ ಸಣ್ಣ ಆಫೀಸಿನಲ್ಲಿ ದೂರಿನ ಕರೆಗಳನ್ನು ಎತ್ತುವ ಕೆಲಸ ಯಾರಿಗೂ ಬೇಡವಾಗಿದ್ದರಿಂದ ನನ್ನ ಪಾಲಿಗೆ ಬಂದಿತ್ತು. ನನಗೇನೂ ಬೇಸರವಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಊರೂರು ತಿರುಗಿದವಳು ನಾನು. "ನಿಮ್ಮ ಆಪ್ ಸರಿ ಇಲ್ಲ" ಎನ್ನುವವರೊಡನೆ ವಾದಕ್ಕಿಳಿಯುವುದು ನನಗೆ ಒಂದು ಬಗೆಯ ಆಟವೇ ಆಗಿತ್ತು. ಆ ಬೆಳಿಗ್ಗೆ ದೊಡವಾಡದಿಂದ ಬಂದ ಕರೆ ಮಾತ್ರ ಆ ಆಟವನ್ನು ಎರಡೇ ನಿಮಿಷದಲ್ಲಿ ಮುಗಿಸಿತು.

ಮಾತಾಡಿದ್ದು ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳು. ಅವರಲ್ಲಿ ಇದ್ದದ್ದು ಒಂದೇ ಎಮ್ಮೆ. ಹಿಂದಿನ ಸಂಜೆ ಅದು ಬೆದೆಗೆ ಬಂದಿತ್ತು. ನಮ್ಮ ಆಪ್‌ನಲ್ಲಿ ಕೋರಿಕೆ ಹಾಕಿದ್ದರು. ಮುಂಜಾನೆ ಎದ್ದು, ಕೃತಕ ಗರ್ಭಧಾರಣೆ ಮಾಡುವ ತಂತ್ರಜ್ಞ ಎಲ್ಲಿದ್ದಾನೆಂದು ನಕಾಶೆಯಲ್ಲಿ ನೋಡುತ್ತ ಕೂತರು. ಅವನ ಚುಕ್ಕಿ ಸಂಪಗಾಂವದಲ್ಲಿ ನಿಂತಿತ್ತು. ನಿಂತೇ ಇತ್ತು.

"ಎರಡ ತಾಸ ನಿಂತಾನ ನಿಮ್ಮ ಫೋನಿನ್ಯಾಗ. ಇವತ್ತ ಬರೂದಿಲ್ಲ ತಗೋ ಅಂತ ಎಮ್ಮಿ ಮೇಯಾಕ ಬಿಟ್ಟೆ. ಬಿಟ್ಟ ಅರ್ಧಾ ತಾಸಿಗೆ ಬಾಗಲದಾಗ ಬಂದು ನಿಂತಾನ. ಗೂಟಕ್ಕ ಏನೈತಿ? ಹಗ್ಗ ಐತಿ."

ಅಭ್ಯಾಸಬಲದಿಂದ ನಾನು ಕೇಳಿದೆ, ಆಪ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಿರೇನು ಅಂತ.

"ಎಮ್ಮಿ ಬಂದ್ ಮಾಡಿ ಚಾಲೂ ಮಾಡಾಕ ಬರತೈತೇನವ್ವಾ?" ಎಂದರು ಅವರು. "ಇನ್ನ ಇಪ್ಪತ್ತೊಂದ ದಿನಾ ಕಾಯಬೇಕ ನಾ. ಹೋದ ಸಲಾನೂ ಹಿಂಗ ಆತು. ಮೂರನೇ ಸಲಾ ತಪ್ಪಿದ್ರ ಸಂತಿಗೆ ಹೊಡಿತೇವಿ ಅಂದಾರ ಮನ್ಯಾಗ. ಕರಾ ಇದ್ದಾಗಿಂದ ನಾನ ಸಾಕೇನಿ ಅದನ್ನ."

"ನೋಡತೇನ್ರಿ ಅಕ್ಕಾರ" ಎಂದಷ್ಟೇ ಹೇಳಿದೆ. ಫೋನಿಟ್ಟವಳೇ ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದು ಮನೆ ಎಣಿಸಿ ಒಂದು ಸುತ್ತು ಹಾಕಿದೆ. ನಾನು ಕಂಡ ಗಡುವುಗಳನ್ನೆಲ್ಲ ಯಾರೋ ಒಬ್ಬರು ಮೇಲಧಿಕಾರಿ ಕೊಟ್ಟಿದ್ದರು, ಅವನ್ನು ವಾದ ಮಾಡಿ ಮುಂದೂಡಬಹುದಿತ್ತು. ಈ ಗಡುವನ್ನು ಒಂದು ಎಮ್ಮೆ ಕೊಟ್ಟಿತ್ತು.

ಆಪ್ ಏನೆಂದು ಹೇಳಿಬಿಡುತ್ತೇನೆ. ಸುತ್ತಲಿನ ಹೈನುಗಾರರ ಗುಂಪೊಂದಕ್ಕಾಗಿ ನಾವು ಮಾಡಿಕೊಟ್ಟದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ಒಬ್ಬೊಬ್ಬರಂತೆ ನಾಲ್ವರು ತಂತ್ರಜ್ಞರು ಬೈಕಿನ ಮೇಲೆ ವೀರ್ಯ ಕೆಡದಂತೆ ತಣ್ಣಗಿಡುವ ನೈಟ್ರೋಜನ್ ಡಬ್ಬಿ ಕಟ್ಟಿಕೊಂಡು ಹಳ್ಳಿ ಸುತ್ತುತ್ತಾರೆ. ಈ ಸುತ್ತಿಗೆ ಅವರ ಮಾತಿನಲ್ಲಿ ಫೇರಿ. ಸಂಜೆ ಬೆದೆ ಕಂಡರೆ ಮರುದಿನ ಮುಂಜಾನೆ, ಮುಂಜಾನೆ ಕಂಡರೆ ಅದೇ ಸಂಜೆ ಕೆಲಸ ಆಗಬೇಕು. ಹೊತ್ತು ಮೀರಿದರೆ ಮೂರು ವಾರ ಹೋಯಿತು. ಹಾಗಾಗಿ ತಂತ್ರಜ್ಞನ ಫೋನು ಪ್ರತಿ ನಿಮಿಷ ತಾನಿರುವ ಜಾಗವನ್ನು ನಮ್ಮ ಸರ್ವರಿಗೆ ಕಳಿಸಬೇಕು, ಅದು ರೈತರ ಫೋನಿನಲ್ಲಿ ಚುಕ್ಕಿಯಾಗಿ ಓಡಬೇಕು. ಅವನು ಬೈಕು ಓಡಿಸುವಾಗ ಫೋನು ಜೇಬಿನಲ್ಲಿರುತ್ತದೆ, ಪರದೆ ಆರಿರುತ್ತದೆ. ಆಗಲೂ ಒಳಗೊಳಗೇ ಕೆಲಸ ಮುಂದುವರಿಸುವ ಆಪ್‌ನ ಭಾಗವನ್ನು ಹಿನ್ನೆಲೆ ಸರ್ವೀಸ್ ಎನ್ನುತ್ತಾರೆ. ಅದನ್ನು ಬರೆದವಳು ನಾನು.

ಮಧ್ಯಾಹ್ನ ಆಫೀಸಿನ ಮಾಲೀಕರ ಮುಂದೆ ನನ್ನ ಸಿದ್ಧಾಂತ ಮಂಡಿಸಿದೆ. ಅವರನ್ನು ನಾವು ಸರ್ ಅನ್ನುತ್ತೇವೆ. ಕೋಡು ಬರೆಯುವುದನ್ನು ನನಗೆ ಕಲಿಸಿದವರೂ ಅವರೇ. ನನ್ನ ವಾದ ಇಷ್ಟು: ಆಫೀಸಿನಲ್ಲಿ ಸರ್ವೀಸ್ ಒಮ್ಮೆಯೂ ನಿಂತಿಲ್ಲ, ನಾಲ್ಕೂ ತಾಲೂಕಿನಲ್ಲಿ ಬೇರೆ ಬೇರೆ ಹೊತ್ತಿಗೆ ನಿಲ್ಲುತ್ತದೆ, ಆದ್ದರಿಂದ ತಂತ್ರಜ್ಞರೇ ಬೇಕೆಂದು ಬಂದ್ ಮಾಡುತ್ತಿದ್ದಾರೆ. ಯಾವನಿಗೆ ತಾನು ಚಹಾದಂಗಡಿಯಲ್ಲಿ ಕೂತದ್ದು ಊರಿಗೆ ಕಾಣಿಸಬೇಕು? ಸರ್ ಎಲ್ಲ ಕೇಳಿ, "ಹೋಗಿ ನೋಡಿ ಬಾ. ಇಲ್ಲಿ ಕುಂತು ಅವರ ಮ್ಯಾಲ ತಪ್ಪು ಹೊರಸಬ್ಯಾಡ" ಅಂದರು.

ಎರಡು ದಿನ ಬಿಟ್ಟು ಬೈಲಹೊಂಗಲದ ತಂತ್ರಜ್ಞನ ಬೈಕಿನ ಹಿಂದೆ ನನ್ನ ಸ್ಕೂಟಿ ಹೊರಟಿತು, ಬೆನ್ನಿಗೆ ಲ್ಯಾಪ್‌ಟಾಪು. ಅವರಿಗೆ ಐವತ್ತರ ಹತ್ತಿರದ ವಯಸ್ಸು. ಹಳ್ಳಿಗರು ಡಾಕ್ಟ್ರು ಎಂದು ಕರೆಯುತ್ತಾರೆ, ಅವರು ಪ್ರತಿ ಸಲ "ನಾ ಡಾಕ್ಟ್ರ ಅಲ್ರಿ" ಎಂದು ತಿದ್ದುತ್ತಾರೆ, ಹಳ್ಳಿಗರು ಮತ್ತೆ ಡಾಕ್ಟ್ರು ಎಂದೇ ಕರೆಯುತ್ತಾರೆ. ನಾನು ಚಾಚಾ ಅಂದೆ. ಅವರು ನನ್ನನ್ನು ಬೇಟಾ ಅಂದರು. ಕಳ್ಳನನ್ನು ಹಿಡಿಯಲು ಹೊರಟವಳಿಗೆ ಇದರಿಂದ ಸ್ವಲ್ಪ ಕಸಿವಿಸಿಯಾಯಿತು.

ಸಂಪಗಾಂವದ ಮೊದಲ ಮನೆಯಲ್ಲೇ ನನ್ನ ಸಿದ್ಧಾಂತ ಮುರಿಯಿತು. ಚಾಚಾ ಬೈಕು ನಿಲ್ಲಿಸಿದರು, ಕೈ ತೊಳೆದರು, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಜೇಬಿನಿಂದ ಫೋನು ತೆಗೆದು ಪರದೆಯನ್ನು ಮೇಲಿನಿಂದ ಎಳೆದು ವಿಮಾನದ ಚಿತ್ರವನ್ನು ಒತ್ತಿದರು. ಫೋನಿನ ಸಿಗ್ನಲ್ ಪೂರ್ತಿ ಹೋಯಿತು. ಯಾಕೆಂದು ಕೇಳಿದೆ.

"ಒಳಗ ಕೈ ಇರತೈತಿ, ಮೊಳಕೈ ತನಕಾ. ಒಮ್ಮಿ ಹಂಗ ಇದ್ದಾಗ ಫೋನ್ ಒದರಿತು. ಎಮ್ಮಿ ಬೆದರಿ ಒದ್ದ ಪೆಟ್ಟಿಗೆ ಹದಿನೈದ ದಿನಾ ಮನ್ಯಾಗ ಮಲಗಿದ್ದೆ. ಅವತ್ತಿಂದ ಮೊದಲ ವಿಮಾನ, ಆಮ್ಯಾಲ ಎಮ್ಮಿ. ನಮ್ಮ ಉಳಿದ ಮೂರೂ ಮಂದಿಗೆ ನಾನ ಕಲಿಸೇನಿ ಇದನ್ನ."

ಸದ್ದು ಮಾತ್ರ ಆರಿಸಿದರೆ ಸಾಲದೇ ಅಂದೆ. ನಡುಗುವ ಫೋನಿಗೂ ಎಮ್ಮೆ ಬೆದರುತ್ತದೆ ಅಂದರು. ಕೆಲಸ ಮುಗಿಸಿ, ಕೈ ತೊಳೆದು, ಮನೆಯವರು ಕೊಟ್ಟ ಚಹಾ ಕುಡಿದು, ಮುಂದಿನ ಮನೆಗೆ ಹೋದರು. ಅಲ್ಲಿಯವರೆಗೂ ವಿಮಾನ ಹಾಗೇ ಇತ್ತು. ನೆನಪಾಗಿ ತೆಗೆದಾಗ ಮುಕ್ಕಾಲು ತಾಸು ಕಳೆದಿತ್ತು.

ನಾನು ಅವರ ಫೋನನ್ನು ಅಲ್ಲೇ ಗುಡಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪಿಗೆ ಜೋಡಿಸಿ ಒಳಗಿನ ದಾಖಲೆ ತೆರೆದೆ. ತಪ್ಪು ನಡೆದಲ್ಲಿ ಬೀಳುವ ಕೆಂಪು ಸಾಲುಗಳು ಕಂಡವು. ನಿಜ ಹೇಳಬೇಕೆಂದರೆ, ಆ ಕೆಂಪು ಸಾಲುಗಳನ್ನು ಕಂಡಷ್ಟು ಖುಷಿ ನನಗೆ ಬಹುಮಾನದ ಕಪ್ ಕಂಡಾಗಲೂ ಆಗಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, ಯಾವುದೋ ಪರೀಕ್ಷೆಯ ಫಲಿತಾಂಶ ಬಂದಿರಬೇಕೆಂದು ಚಾಚಾನ ಬಳಿ ವಿಚಾರಿಸಿದರು.

ತಪ್ಪು ನನ್ನದೇ ಆಗಿತ್ತು. ಬ್ಯಾಟರಿ ಉಳಿಸಲೆಂದು ನಾನೊಂದು ನಿಯಮ ಬರೆದಿದ್ದೆ: ಜಾಗ ಕಳಿಸುವ ಯತ್ನ ಸತತ ಮೂರು ಸಲ ಸೋತರೆ ಸರ್ವೀಸ್ ತಾನಾಗಿ ನಿಲ್ಲಲಿ, ನೆಟ್‌ವರ್ಕ್ ಮರಳಿದಾಗ ತಾನಾಗಿ ಮತ್ತೆ ಶುರುವಾಗಲಿ. ಸರ್ ಬೇಡವೆಂದಾಗ ಅವರೊಡನೆ ವಾದಿಸಿ ಗೆದ್ದಿದ್ದೆ ಕೂಡ. ವಿಮಾನ ಒತ್ತಿದ ಮೂರು ನಿಮಿಷಕ್ಕೆ ಸರ್ವೀಸ್ ನಿಲ್ಲುತ್ತಿತ್ತು, ಅದು ನನ್ನ ಆಜ್ಞೆ. ಆದರೆ ನೆಟ್‌ವರ್ಕ್ ಮರಳಿ ನನ್ನ ಕೋಡು ಅದನ್ನು ಮತ್ತೆ ಎಬ್ಬಿಸಲು ಹೋದಾಗ ಫೋನಿನ ವ್ಯವಸ್ಥೆ ಅಡ್ಡ ನಿಲ್ಲುತ್ತಿತ್ತು. ಪರದೆಯ ಮೇಲೆ ಕಾಣದೆ ಜೇಬಿನಲ್ಲಿರುವ ಆಪ್, ತನ್ನಷ್ಟಕ್ಕೆ ತಾನು ಇಂಥ ಸರ್ವೀಸ್ ಶುರು ಮಾಡುವಂತಿಲ್ಲ. ಈಚಿನ ಆಂಡ್ರಾಯ್ಡ್‌ಗಳಲ್ಲಿ ಅದು ಕಟ್ಟುನಿಟ್ಟು. ಆಪ್ ಸದ್ದಿಲ್ಲದೆ ಬಿದ್ದುಹೋಗುತ್ತಿತ್ತು. ಮುಂದೆ ಚಾಚಾ ಯಾವಾಗಲೋ ಅದನ್ನು ತೆರೆದರೆ ಮಾತ್ರ ಮತ್ತೆ ಜೀವ. ಆಫೀಸಿನಲ್ಲಿ ಇದು ಒಮ್ಮೆಯೂ ಕಾಣದಿದ್ದದ್ದು ಏಕೆ? ಅಲ್ಲಿ ಆಪ್ ಸದಾ ನನ್ನ ಕಣ್ಣ ಮುಂದೆ, ತೆರೆದ ಪರದೆಯಲ್ಲೇ ಇರುತ್ತಿತ್ತು.

ರೋಗ ಸಿಕ್ಕಿದ ಮೇಲೆ ಮದ್ದು ಸುಲಭ ಅಂದುಕೊಂಡೆ. ಬ್ಯಾಟರಿ ನಿರ್ಬಂಧದಿಂದ ನಮ್ಮ ಆಪ್‌ಗೆ ವಿನಾಯಿತಿ ಕೇಳಿದರೆ ಹಿನ್ನೆಲೆಯಿಂದಲೂ ಸರ್ವೀಸ್ ಎಬ್ಬಿಸಬಹುದು. ಎರಡು ದಿನದಲ್ಲಿ ಅದನ್ನು ಮಾಡಿ, ಫೋನನ್ನು ಜೇಬಿಗೆ ಹಾಕಿಕೊಂಡು, ವಿಮಾನ ಒತ್ತಿ ತೆಗೆದು, ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದೆ. ಸರ್ವೀಸ್ ಎದ್ದಿತ್ತು, ನಾನು ಮೆಟ್ಟಿಲು ಎರಡೆರಡು ಹಾರಿ ಮೇಲೆ ಬಂದೆ. ಸರ್ವರ್ ನೋಡಿದರೆ ಜಾಗ ದಾಖಲಾಗಬೇಕಾದ ಅಂಕಣವೆಲ್ಲ ಖಾಲಿ. "ಆಪ್ ಬಳಸುವಾಗ ಮಾತ್ರ" ಎಂದು ಜಾಗ ನೋಡಲು ಅನುಮತಿ ಪಡೆದ ಆಪ್, ಹಿನ್ನೆಲೆಯಿಂದ ಎದ್ದರೆ ಅದಕ್ಕೆ ಜಾಗ ತೋರಿಸುವುದಿಲ್ಲವಂತೆ. ಎದ್ದಿದೆ, ಆದರೆ ಕಣ್ಣು ಕಟ್ಟಿದ್ದಾರೆ.

ಸರ್ ಅಂದರು, ಹಾಗಾದರೆ "ಯಾವಾಗಲೂ" ಎಂಬ ಅನುಮತಿ ಕೇಳೋಣ. ಅದೊಂದು ಸಿಕ್ಕರೆ ಎಲ್ಲ ಸುಸೂತ್ರ. ನಾನೂ ಒಪ್ಪಿ ಚಾಚಾನ ಬಳಿ ಓಡಿದೆ. ಅವರು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿ, ಫೋನನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ.

"ಯಾವಾಗಲೂ ಅಂದ್ರ ಯಾವಾಗಲೂ ಏನ ಬೇಟಾ? ಸುಟ್ಟಿ ದಿನಾ?"

ರಜೆಯ ದಿನ ನಾವು ನೋಡುವುದಿಲ್ಲ ಅಂದೆ.

"ನೀವು ನೋಡೂದಿಲ್ಲ ಖರೆ. ನೋಡಾಕ ಬರತೈತೋ ಇಲ್ಲೋ?"

ಬರುತ್ತದೆ ಎಂದು ಒಪ್ಪಲೇಬೇಕಾಯಿತು.

"ಮತ್ತ ನಾ ಮಗಳ ಮನಿಗೆ ಹೋಗಿ ಊಟಕ್ಕ ಕುಂತಿರತೇನಿ, ಚುಕ್ಕಿ ಅಲ್ಲಿ ನಿಂತಿರತೈತಿ. ಡಾಕ್ಟ್ರು ಬೀಗರ ಮನ್ಯಾಗ ಕುಂತಾರ, ನಮ್ಮ ಎಮ್ಮಿ ಇಲ್ಲಿ ಒದರಾಕ ಹತ್ತೈತಿ ಅಂತಾರ ಮಂದಿ. ಫೇರಿ ಇದ್ದಾಗ ಬೇಕಾದಷ್ಟು ನೋಡ್ರಿ. ಫೇರಿ ಮುಗದ ಮ್ಯಾಲ ನಾ ಯಾರಿಗೂ ಚುಕ್ಕಿ ಅಲ್ಲ."

ಎದುರು ಪಕ್ಷದ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಲು ಬರದಿದ್ದರೆ ಅದನ್ನು ಖಂಡಿಸುವ ಹಕ್ಕಿಲ್ಲವೆಂದು ನಮ್ಮ ಚರ್ಚಾ ತಂಡದಲ್ಲಿ ಕಲಿಸಿದ್ದರು. ಆ ಸಂಜೆ ನಾನು ಫೋನಿನ ವ್ಯವಸ್ಥೆಯ ಪಕ್ಷ ವಹಿಸಿ ಹಾಳೆಯ ಮೇಲೆ ವಾದ ಬರೆದೆ. ಜೇಬಿನೊಳಗಿನ ಆಪ್ ಯಾರಿಗೂ ಹೇಳದೆ ಏಕೆ ಏಳಬಾರದು? ಎದ್ದರೂ ಅದಕ್ಕೆ ಜಾಗ ಏಕೆ ಕಾಣಿಸಬಾರದು? ಬರೆಯುತ್ತ ಹೋದಂತೆ ಅದು ಚಾಚಾ ಬೆಂಚಿನ ಮೇಲೆ ಆಡಿದ ಮಾತೇ ಎಂದು ಗೊತ್ತಾಯಿತು. ಇಷ್ಟು ದಿನ ನಾನು ಯಾವ ಗೋಡೆಗೆ ತೂತು ಕೊರೆಯುತ್ತಿದ್ದೆನೋ, ಆ ಗೋಡೆ ಚಾಚಾನ ಮನೆಯದು.

ಮರುದಿನ ಸರ್ ಮುಂದೆ ನನ್ನದೇ ಹಳೆಯ ನಿಲುವಿನ ವಿರುದ್ಧ ನಿಂತೆ. ಸರ್ವೀಸ್ ತಾನಾಗಿ ಶುರುವಾಗಬಾರದು, ತಾನಾಗಿ ನಿಲ್ಲಲೂಬಾರದು. ಚಾಚಾ ತಮ್ಮ ಕೈಯಿಂದ ಶುರು ಮಾಡಬೇಕು, ಅವರೇ ನಿಲ್ಲಿಸಬೇಕು. ಆಪ್ ಪರದೆಯ ಮೇಲಿರುವಾಗ ಒತ್ತಿ ಎಬ್ಬಿಸಿದ ಸರ್ವೀಸ್‌ಗೆ ಆಮೇಲೆ ಪರದೆ ಆರಿದರೂ ಜಾಗ ಕಾಣುತ್ತಲೇ ಇರುತ್ತದೆ, ಇದಕ್ಕೆ "ಯಾವಾಗಲೂ" ಬೇಡವೇ ಬೇಡ. ಒತ್ತಲು ಮರೆತರೆ ಎಂದು ಸರ್ ಕೇಳಿದರು. ಆ ದಿನದ ಕೋರಿಕೆಗಳ ಪಟ್ಟಿ ತೆರೆಯುವುದೇ "ಫೇರಿ ಚಾಲೂ" ಒತ್ತಿದ ಮೇಲೆ, ಅಂದೆ. ಪಟ್ಟಿ ನೋಡದೆ ಯಾವ ತಂತ್ರಜ್ಞನೂ ಹೊರಡುವುದಿಲ್ಲ. ವಿಮಾನ ಒತ್ತಿದರೆ? ಒತ್ತಲಿ. ಉಪಗ್ರಹದಿಂದ ಜಾಗ ತಿಳಿಯಲು ಸಿಗ್ನಲ್ ಬೇಕಿಲ್ಲ. ಹಾಗೆ ಸಿಕ್ಕ ಜಾಗದ ಬಿಂದುಗಳು ಫೋನಿನಲ್ಲೇ ಕೂಡಿರಲಿ, ನೆಟ್‌ವರ್ಕ್ ಬಂದಾಗ ಸಾಲಾಗಿ ಹೋಗಲಿ. ಸರ್ "ಮಾಡು" ಅಂದರು.

ಇನ್ನೊಂದು ಬದಲಾವಣೆ ರೈತರ ಕಡೆಯದು, ನನಗೆ ಅದೇ ದೊಡ್ಡದು. ಬಿಂದು ಬರುವುದು ನಿಂತರೆ ನಮ್ಮ ಆಪ್ ಹಳೆಯ ಚುಕ್ಕಿಯನ್ನೇ ಹೊಸದರಂತೆ ಹೊಳೆಯಿಸುತ್ತಿತ್ತು. ದೊಡವಾಡದ ಅಕ್ಕನ ಗೂಟ ಖಾಲಿ ಮಾಡಿಸಿದ್ದು ಸರ್ವೀಸ್ ನಿಂತದ್ದಲ್ಲ, ಈ ಸುಳ್ಳು. ಇನ್ನು ಮುಂದೆ ಐದು ನಿಮಿಷ ಬಿಂದು ಬರದಿದ್ದರೆ ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಬೇಕು, ಕೆಳಗೆ "ಇದು ಇಷ್ಟು ನಿಮಿಷ ಹಿಂದಿನದು, ಈಗ ಎಲ್ಲಿದ್ದಾರೆ ಗೊತ್ತಿಲ್ಲ" ಎಂದು ಬರೆದಿರಬೇಕು.

ಆ ವಾರವೆಲ್ಲ ನಾನು ಊಟದ ಡಬ್ಬಿ ಪಕ್ಕಕ್ಕಿಟ್ಟು ಕೋಡು ಬರೆದೆ. ಮೊದಲ ಆವೃತ್ತಿ ಶುರುವಾದ ಕೂಡಲೇ ಬೀಳುತ್ತಿತ್ತು. ಇಂಥ ಸರ್ವೀಸ್ ಎದ್ದ ಕೆಲವೇ ಸೆಕೆಂಡಿನಲ್ಲಿ ಪರದೆಯ ಮೇಲ್ಭಾಗದಲ್ಲಿ ಒಂದು ಸೂಚನೆ ತೋರಿಸಿ ತಾನು ಎದ್ದಿದ್ದೇನೆಂದು ಸಾರಬೇಕು. ಇಲ್ಲವಾದರೆ ವ್ಯವಸ್ಥೆ ಅದನ್ನು ಕೆಡವುತ್ತದೆ. ನಾನು ಹಳೆಯ ಬಿಂದುಗಳನ್ನೆಲ್ಲ ಓದಿ ಮುಗಿಸಿ ಆಮೇಲೆ ಸೂಚನೆ ತೋರಿಸುತ್ತಿದ್ದೆ. ಸಾಲುಗಳನ್ನು ಅದಲು ಬದಲು ಮಾಡಿದೆ: ಮೊದಲು ಸೂಚನೆ, ಆಮೇಲೆ ಕೆಲಸ. ಈಗ ಬೀಳದೆ ನಿಂತಿತು. ಸೂಚನೆಯಲ್ಲಿ "ಸ್ಥಳ ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದು ಬರೆದಿದ್ದೆ. ಚಾಚಾ ಓದಿ, ಇದು ಪೊಲೀಸರ ಮಾತಿನಂತಿದೆ ಅಂದರು. ಅವರೇ ಹೇಳಿ ಬರೆಸಿದ್ದು: "ಫೇರಿ ನಡದೈತಿ. ಮುಗಿದ್ರ ಬಂದ್ ಮಾಡ್ರಿ."

ಹತ್ತೊಂಬತ್ತನೆಯ ದಿನ ಹೊಸ ಆಪ್ ಅವರ ಫೋನಿಗೆ ಹೋಯಿತು. ಅಂದೇ ಮಧ್ಯಾಹ್ನ ಮತ್ತೆ ನಿಂತಿತು. ಈ ಸಲ ಕೋಡಿನ ತಪ್ಪಲ್ಲ. ಆ ಫೋನಿನ ಕಂಪನಿಯೇ ಬ್ಯಾಟರಿ ಉಳಿಸಲು ಇಟ್ಟ ಇನ್ನೊಂದು ಕತ್ತರಿ. ಸೆಟ್ಟಿಂಗಿನಲ್ಲಿ ನಮ್ಮ ಆಪ್ ಮುಂದೆ "ಮಿತಿ ಇಲ್ಲ" ಎಂದು ಆರಿಸಬೇಕಿತ್ತು. ಚಾಚಾ ಈ ಸಲ ತಾವೇ ಪ್ರಶ್ನೆ ಕೇಳಿ, ಉತ್ತರ ತೂಗಿ, ತಮ್ಮ ಬೆರಳಿನಿಂದಲೇ ಆರಿಸಿದರು. ನಮಗಿನ್ನೂ ಎರಡು ದಿನ ಇವೆ, ಇನ್ನೊಂದು ಪೂರ್ತಿ ಫೇರಿ ನೋಡೋಣ ಅಂದುಕೊಂಡು ಮನೆಗೆ ಹೋದೆ.

ಎಮ್ಮೆ ನಮ್ಮ ಕ್ಯಾಲೆಂಡರ್ ನೋಡಿರಲಿಲ್ಲ. ಇಪ್ಪತ್ತನೆಯ ದಿನ ಸಂಜೆಯೇ ದೊಡವಾಡದಿಂದ ಕೋರಿಕೆ ಬಂತು.

ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ಆಫೀಸಿನಲ್ಲಿದ್ದೆ. ಚಾಚಾ "ಫೇರಿ ಚಾಲೂ" ಒತ್ತಿದ್ದು ಸರ್ವರಿನಲ್ಲಿ ಬಂತು. ಹಸಿರು ಚುಕ್ಕಿ ಸಂಪಗಾಂವದ ದಾರಿ ಹಿಡಿಯಿತು, ತಲುಪಿತು, ನಿಂತಿತು. ಐದು ನಿಮಿಷಕ್ಕೆ ಬೂದಿ ಬಣ್ಣವಾಯಿತು. ಅದು ವಿಮಾನ ಎಂದು ನನಗೆ ಗೊತ್ತು, ಗೊತ್ತಿದ್ದರೂ ಕೂರಲಾಗಲಿಲ್ಲ. ಹತ್ತು ನಿಮಿಷ. ಇಪ್ಪತ್ತು. ಎಂಟೂವರೆಗೆ ಅಕ್ಕನ ಕರೆ. ಒಂಬತ್ತಕ್ಕೆ ನೆರೆಮನೆಯವನು ದನ ಹೊಡೆದುಕೊಂಡು ಹೋಗುತ್ತಾನೆ, ಅವರು ಶಾಲೆಗೆ ಹೋಗಬೇಕು. ಎಮ್ಮೆ ಬಿಡಿ ಎಂದೋ ಬಿಡಬೇಡಿ ಎಂದೋ ನಾನು ಹೇಳಬೇಕಾದೀತು ಅಂದುಕೊಂಡೆ. ಸರ್ವೀಸ್ ಒಳಗೆ ಬದುಕಿದೆಯೆಂಬುದಕ್ಕೆ ನನ್ನ ಬಳಿ ಪುರಾವೆ ಇರಲಿಲ್ಲ, ಪುರಾವೆ ಇಲ್ಲದೆ ನಾನು ಮಾತಾಡುವವಳಲ್ಲ. ಆದರೆ ಅವರು ಕೇಳಲು ಕರೆ ಮಾಡಿರಲಿಲ್ಲ, ಹೇಳಲು ಮಾಡಿದ್ದರು.

"ತಂಗಿ, ಮೊದಲ ನಿಂತಾನ ಅಂತಿತ್ತು. ಈಗ ಗೊತ್ತಿಲ್ಲ ಅನ್ನಾಕ ಹತ್ತೈತಿ. ಗೊತ್ತಿಲ್ಲ ಅಂದ ಮ್ಯಾಲ ನಾ ಯಾಕ ಎಮ್ಮಿ ಬಿಡ್ಲಿ? ಕಟ್ಟೇ ಇರತೇನಿ. ಸಾಲಿಗೆ ಒಂದ ತಾಸ ತಡಾ ಬರತೇನಿ ಅಂತ ಹೇಳಿ ಕಳಿಸೇನಿ."

ಅವರು ಫೋನಿಟ್ಟ ಎಷ್ಟೋ ಹೊತ್ತಿನ ಮೇಲೆ, ಒಂಬತ್ತಕ್ಕೆ ಇನ್ನು ಸ್ವಲ್ಪವಿರುವಾಗ, ಕೂಡಿಟ್ಟ ಬಿಂದುಗಳೆಲ್ಲ ಒಂದರ ಹಿಂದೊಂದು ಬಂದು ಬಿದ್ದವು. ಕೊಟ್ಟಿಗೆ, ಚಹಾ, ಇನ್ನೊಂದು ಕೊಟ್ಟಿಗೆ, ಊರ ಹೊರಗಿನ ದಾರಿ, ಒಂದೂ ತಪ್ಪಿರಲಿಲ್ಲ. ಚುಕ್ಕಿ ಹಸಿರಾಗಿ ಬೈಲಹೊಂಗಲದ ಕಡೆ ಓಡಿ ಬರುತ್ತಿತ್ತು. ನಾನು ಕುರ್ಚಿಯಿಂದ ಎದ್ದು ನಿಂತು ಸರ್ ಹೆಸರು ಹಿಡಿದು ಕೂಗಿದೆನಂತೆ, ನನಗೆ ನೆನಪಿಲ್ಲ. ಅದು ನಮ್ಮ ಬಸ್ ಸ್ಟ್ಯಾಂಡ್ ದಾಟಿದಾಗ ಕಿಟಕಿಯಿಂದ ನಿಜವಾದ ಚಾಚಾ, ನಿಜವಾದ ಬೈಕು, ಹಿಂದೆ ಕಟ್ಟಿದ ಡಬ್ಬಿ ಎಲ್ಲವೂ ಕಂಡವು. ಪರದೆಯ ಚುಕ್ಕಿಯನ್ನೂ ರಸ್ತೆಯ ಮನುಷ್ಯನನ್ನೂ ಒಟ್ಟಿಗೆ ನೋಡುವ ಆ ಕ್ಷಣಕ್ಕಾಗಿಯೇ ಬಹುಶಃ ಜನ ಈ ಕೆಲಸ ಮಾಡುತ್ತಾರೆ. ಹತ್ತರ ಹೊತ್ತಿಗೆ ದೊಡವಾಡದ ಕೋರಿಕೆಯ ಮುಂದೆ "ಆಯಿತು" ಎಂಬ ಗುರುತು ಬಂತು.

ಅಲ್ಲಿಗೆ ಮುಗಿಯಲಿಲ್ಲ, ಮುಗಿಯಿತೆಂದು ನಂಬಲು ನಾನೂ ತಯಾರಿರಲಿಲ್ಲ. ಮುಂದಿನ ಇಪ್ಪತ್ತೊಂದನೆಯ ದಿನ ಕೋರಿಕೆ ಬರಲಿಲ್ಲ. ಸರ್ ಪೇಡೆ ತರಿಸೋಣವೇ ಅಂದರು. ಎಮ್ಮೆಗಳಲ್ಲಿ ಸದ್ದಿಲ್ಲದ ಬೆದೆಯೂ ಇರುತ್ತದೆ, ಹೊರಗೆ ಕಾಣದಿದ್ದದ್ದು ಒಳಗೆ ಆಗಿಲ್ಲವೆಂಬುದಕ್ಕೆ ಪುರಾವೆಯಲ್ಲ ಎಂದು ನಾನು ವಾದಿಸಿದೆ. ಚಾಚಾ ಒಳಗೆ ಕೈಹಾಕಿ ನೋಡಿ ಖಚಿತವಾಗಿ ಹೇಳಲು ಇನ್ನೂ ಒಂದೂವರೆ ತಿಂಗಳು ಬೇಕು. ಅಷ್ಟರಲ್ಲಿ ಉಳಿದ ಮೂರು ತಾಲೂಕುಗಳಿಗೂ ಹೊಸ ಆಪ್ ಹೋಯಿತು, ಸವದತ್ತಿಯಲ್ಲಿ ಮತ್ತೊಂದು ಕಂಪನಿಯ ಫೋನು ಮತ್ತೊಂದು ತಕರಾರು ತೆಗೆಯಿತು, ನಾನು ಅಲ್ಲಿಗೂ ಓಡಿದೆ.

ಒಂದು ಮಧ್ಯಾಹ್ನ ದೊಡವಾಡದ ಅಕ್ಕನ ಕರೆ ಬಂತು. ಹಿಂದೆ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು, ಬಿಸಿಯೂಟ ಮುಗಿದಿರಬೇಕು.

"ಡಾಕ್ಟ್ರು ನೋಡಿ ಹೋದ್ರು. ಗಬ್ಬ ನಿಂತೈತಿ" ಅಂದರು. ಆಮೇಲೆ ಸಂಕೋಚದಿಂದ, "ತಂಗಿ, ಒಂದ ಮಾತ ಕೇಳಲೇನು? ಹುಡುಗೂರ ಫೋಟೋ ತುಂಬಿ ನನ್ನ ಫೋನಿನ್ಯಾಗ ಜಾಗಾ ಇಲ್ಲ. ಇನ್ನ ವರ್ಷತನಕಾ ನನಗ ಚುಕ್ಕಿ ನೋಡೂ ಕೆಲಸಿಲ್ಲ. ನಿಮ್ಮ ಆಪ್ ತಗದ ಹಾಕಿದ್ರ ನಡೀತೈತಿ?"

ಆಪ್ ತೆಗೆದುಹಾಕಬೇಡಿ ಎಂದು ಜನರನ್ನು ಒಪ್ಪಿಸಲು ನಮ್ಮಲ್ಲಿ ಬರೆದಿಟ್ಟ ಐದು ಕಾರಣಗಳಿವೆ, ಐದನ್ನೂ ಬರೆದವಳು ನಾನೇ. ಅದರಲ್ಲಿ ಒಂದನ್ನೂ ಹೇಳಲಿಲ್ಲ. ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯಬೇಕೆಂದು ಹೇಳಿಕೊಟ್ಟು, ಅದು ಅವರ ಪರದೆಯಿಂದ ಹೋಯಿತೆಂದು ಅವರು ಹೇಳುವವರೆಗೂ ಫೋನು ಹಿಡಿದು ಕೂತಿದ್ದೆ.